ಒಂದು ಚಕ್ಕುಲಿಗೆ ಒಂದೇ ಕೈ

ಚೌತಿಗೆ ಊರಿಗೆ ಹೊರಡುವ ಹಿಂದಿನ ವಾರ ಪುಣೆಯ ಆಫೀಸಿನಲ್ಲಿ ನನ್ನ ಕಂಪ್ಯೂಟರಿಗೆ ಎರಡನೇ ನೆಟ್‌ವರ್ಕ್ ಕಾರ್ಡ್ ಹಾಕಿ, ಅದೇ ನೆಟ್‌ವರ್ಕ್ ಸ್ವಿಚ್ಚಿಗೆ (ಎಲ್ಲರ ಕೇಬಲ್ ಬಂದು ಸೇರುವ ಪೆಟ್ಟಿಗೆ) ಇನ್ನೊಂದು ಕೇಬಲ್ ಸಿಕ್ಕಿಸಿದ್ದೆ. ದೊಡ್ಡ ಫೈಲುಗಳು ಬೇಗ ಬರಲಿ ಅಂತ ಅಷ್ಟೇ. ನೆಟ್‌ವರ್ಕ್ ನೋಡಿಕೊಳ್ಳುವವನು ಬಂದ, ಒಂದು ಮಾತೂ ಆಡದೆ ಕೇಬಲ್ ಕಿತ್ತ. ಮ್ಯಾನೇಜರಿಗೆ ಮೇಲ್ ಹೋಯಿತು. ತಪ್ಪೇನು ಅಂತ ಯಾರೂ ಹೇಳಲಿಲ್ಲ. ಚುಚ್ಚಿದ್ದು ಅದೇ.

ಶಿರಸಿಯ ಮನೆಯಲ್ಲಿ ಚಕ್ಕುಲಿ ಕಂಬಳ, ಅಂದರೆ ಎಲ್ಲರೂ ಸೇರಿ ಚಕ್ಕುಲಿ ಸುತ್ತುವುದು, ಜಗಲಿ ತುಂಬಾ ಜನ. ಮನೆಯಿಂದಲೇ ಕೆಲಸ ಮಾಡುವ ಅಕ್ಕನ ಮಗನ ಕಂಪ್ಯೂಟರಿನಲ್ಲೂ ಎರಡು ಕಾರ್ಡು! ಕೇಳಿದೆ. ಹಿಟ್ಟು ಸುತ್ತುತ್ತಲೇ ಹೇಳಿದ: "ಮಾವ, ನಾಲ್ಕು ಜನ ಕೂತ್ರೆ ನಾಲ್ಕು ಚಕ್ಕುಲಿ ಒಟ್ಟಿಗೆ ಆಗ್ತು. ಒಂದೇ ಚಕ್ಕುಲಿನ ನಾಲ್ಕು ಜನ ಸುತ್ತಲೆ ಆಗ್ತಾ?"

ಸಾಮಾನ್ಯವಾಗಿ ಒಂದು ಡೌನ್‌ಲೋಡ್ ಒಂದೇ ಕಾರ್ಡಿನಲ್ಲಿ ಹೋಗುತ್ತದೆ. ಎರಡನ್ನೂ ಜೋಡಿಸಬೇಕೆಂದರೆ ಹೆಚ್ಚಾಗಿ ಸ್ವಿಚ್ಚಿನಲ್ಲೂ ಎಲ್‌ಎಸಿಪಿ (ಹಲವು ಕೇಬಲ್‌ಗಳನ್ನು ಒಂದೇ ಲೈನಿನಂತೆ ಸೇರಿಸುವ ವ್ಯವಸ್ಥೆ) ಬೇಕಾಗುತ್ತದೆ. ಆಗಲೂ ಲಾಭ ಸಿಗುವುದು ಹಲವು ಡೌನ್‌ಲೋಡ್ ಒಟ್ಟಿಗೆ ನಡೆದಾಗ.

ಅವನಿಗೆ ಸ್ಪೀಡಿನ ಆಸೆಯೇ ಇಲ್ಲ, ಮಳೆಗಾಲದ ಚಿಂತೆ. ಒಂದು ಕಾರ್ಡು ಮನೆಯ ಫೈಬರಿಗೆ, ಇನ್ನೊಂದು ವೈಫೈ ಕಾರ್ಡು ಪಕ್ಕದ ಮನೆಯ ಲೈನಿಗೆ. ಆ ಲೈನ್ ಬರುವ ದಾರಿಯೇ ಬೇರೆ, ಹಾಗಾಗಿ ಒಂದು ಕಡೆ ಮರ ಬಿದ್ದರೂ ಇನ್ನೊಂದು ಉಳಿಯುತ್ತದೆ. ಮೊದಲು ಎರಡೂ ರೂಟರುಗಳು 192.168.1 ಅಂತ ಶುರುವಾಗುವ ವಿಳಾಸವನ್ನೇ ಕೊಡುತ್ತಿದ್ದವು, ಯಾವ ಕಾರ್ಡಿನಿಂದ ಕಳಿಸಬೇಕು ಅಂತ ಕಂಪ್ಯೂಟರಿಗೆ ಗೊಂದಲ. ಪಕ್ಕದವರನ್ನು ಕೇಳಿ ಅವರದನ್ನು 192.168.2 ಮಾಡಿದ. ಸ್ವಂತ ಲೈನಿಗೆ ಕಡಿಮೆ ಮೆಟ್ರಿಕ್ (ಕಡಿಮೆ ಇದ್ದ ದಾರಿಗೇ ಮೊದಲ ಆದ್ಯತೆ ಕೊಡುವ ಅಂಕಿ) ಕೊಟ್ಟ, ಮೊದಲ ದಾರಿ ಅದೇ ಆಗಲಿ ಅಂತ. ಆದರೆ ಹೊರಗೆ ಫೈಬರ್ ಹರಿದರೂ ಮನೆಯ ರೂಟರ್ ದೀಪ ಉರಿಯುತ್ತಲೇ ಇರುತ್ತದೆ, ಕಾರ್ಡಿಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೆ ಆಗಾಗ ಹೊರಗಿನ ವಿಳಾಸಕ್ಕೆ ಪಿಂಗ್ ಮಾಡಿ, ಉತ್ತರ ಬಾರದಿದ್ದರೆ ದಾರಿ ಬದಲಿಸುವ ಸಣ್ಣ ಸ್ಕ್ರಿಪ್ಟ್ ಬರೆದಿದ್ದಾನೆ. ಅವರ ಲೈನ್ ಹೋದರೆ ಅವರು ಇವನದನ್ನು ಬಳಸುತ್ತಾರೆ. ಅರ್ಜಿ ಇಲ್ಲ, ಮೇಲ್ ಇಲ್ಲ, ಬೇಲಿ ಹತ್ತಿರ ನಿಂತು ಮಾತಾಡಿಕೊಂಡದ್ದು.

ಒಂದು ಬಾಂಡ್ಲಿ ಚಕ್ಕುಲಿ ಬೇಯುವಷ್ಟರಲ್ಲಿ ಇಷ್ಟೆಲ್ಲ ಕಲಿತೆ. ಪುಣೆಯಲ್ಲಿ ಆರು ವರ್ಷದಿಂದ ಅದೇ ಮಹಡಿಯಲ್ಲಿದ್ದೇನೆ, ಹೀಗೆ ಕೂತು ಹೇಳಿದವರು ಒಬ್ಬರೂ ಇಲ್ಲ. ಊರೇ ಮೇಲು ಅನಿಸಿತು, ಈಗಲೂ ಅನಿಸುತ್ತದೆ.

ಪುಣೆಯಲ್ಲಿ ಲೈನ್ ಹೋಗುವುದು ತೀರಾ ಕಡಿಮೆ, ಅದು ನಿಜ. ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಸುಮ್ನೆ ಕೇಬಲ್ ಸಿಕ್ಕಿಸಿದ್ದಲ್ಲ, ನಾನು ಎರಡೂ ಕಾರ್ಡುಗಳನ್ನು ಬ್ರಿಡ್ಜ್ ಮಾಡಿದ್ದೆ, ಅಂದರೆ ಒಂದರಲ್ಲಿ ಬಂದದ್ದು ಇನ್ನೊಂದರಿಂದ ಹೋಗುವಂತೆ ಜೋಡಿಸಿದ್ದೆ. ಅದನ್ನು ಕೇಳಿದ್ದೇ ಅಕ್ಕನ ಮಗನ ಕೈ ನಿಂತಿತು. ಒಂದೇ ಸ್ವಿಚ್ಚಿಗೆ ಎರಡು ಕೇಬಲ್, ನಡುವೆ ಬ್ರಿಡ್ಜ್ ಅಂದರೆ ಲೂಪ್, ಕೊನೆಯಿಲ್ಲದ ಸುತ್ತು. ಅದನ್ನು ತಡೆಯುವ ಎಸ್‌ಟಿಪಿ ಎಂಬ ವ್ಯವಸ್ಥೆ ಇಲ್ಲದಿದ್ದರೆ ಒಂದು ಬ್ರಾಡ್‌ಕಾಸ್ಟ್ (ಎಲ್ಲ ಕಂಪ್ಯೂಟರಿಗೂ ಹೋಗುವ ಸಂದೇಶ) ಸುತ್ತುತ್ತಲೇ, ಹೆಚ್ಚುತ್ತಲೇ ಹೋಗಿ ಇಡೀ ಮಹಡಿಯ ನೆಟ್‌ವರ್ಕ್ ನಿಲ್ಲುತ್ತದೆ. ತಾನಾಗಿದ್ದರೂ ಮೊದಲು ಕೇಬಲ್ ಕಿತ್ತು, ಆಮೇಲೆ ಮಾತಾಡುತ್ತಿದ್ದೆ ಅಂದ.

ಆಮೇಲೆ ಮಾತಾಡುತ್ತಿದ್ದ, ಅಲ್ವಾ? ನನಗೆ ಬೇಕಿದ್ದದ್ದು ಅಷ್ಟೇ.