ಎಲ್ಲದಕ್ಕೂ ಉಷ್ಣ ಅಂದ್ರೆ ಹೆಂಗ್ರಿ?

ನಮ್ಮ ಕಲಬುರಗಿಯಲ್ಲಿ ಮೂತ್ರದ ಯಾವ ತೊಂದರೆಗೂ ಕಾರಣ ಒಂದೇ, ಉಷ್ಣ. ಉರಿದರೂ ಉಷ್ಣ, ತಡೆತಡೆದು ಬಂದರೂ ಉಷ್ಣ, ಕೆಂಪಗೆ ಬಂದರೂ ಉಷ್ಣ. ಮದ್ದೂ ಒಂದೇ ಥರ. ಜೀರಿಗೆ ನೀರು, ಸಬ್ಜಾ ಬೀಜ, ಎಳನೀರು, ತಂಬಿಗೆ ತುಂಬ ಮಜ್ಜಿಗೆ. ಮೇ ತಿಂಗಳಲ್ಲಿ 43 ಡಿಗ್ರಿ ಮುಟ್ಟುವ ಊರು ಇದು. ಬಿಸಿಲಿಗೆ ಹೆದರಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಇಂಥ ಊರಲ್ಲಿ ಬಿಸಿಲನ್ನು ಬಯ್ಯದೆ ಇನ್ಯಾರನ್ನು ಬಯ್ಯೋದು, ಅಲ್ವಾ?

ನಾನು ಇಲ್ಲಿ ಒಂದು ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲು ಬರುವುದೇ ಮೂತ್ರದ ಬಾಟಲಿ. ಬಾಟಲಿಗೆ ಪೇಪರ್ ಸುತ್ತಿ, ಅದರ ಮೇಲೆ ಕರಿ ಕ್ಯಾರಿಬ್ಯಾಗ್, ಅದರ ಮೇಲೆ ಸೆರಗು. ಕೌಂಟರ್ ಮೇಲೆ ಇಟ್ಟು ಆ ಕಡೆ ಮುಖ ತಿರುಗಿಸುತ್ತಾರೆ. "ಏನ್ ತ್ರಾಸ ಅದರಿ?" ಅಂದರೆ, "ಏನಿಲ್ರಿ ಮೇಡಂ, ಸ್ವಲ್ಪ ಉಷ್ಣ ಆಗ್ಯಾದ" ಅನ್ನುತ್ತಾರೆ. ಆ ಬಾಟಲಿಯಲ್ಲಿ ನಾಲ್ಕು ಬೇರೆ ಬೇರೆ ಕಾಯಿಲೆ ಇರಬಹುದು. ಒಂದಕ್ಕೆ ಮಾಡುವ ಉಪಚಾರ ಇನ್ನೊಂದಕ್ಕೆ ನಡೆಯುವುದಿಲ್ಲ. ನನ್ನ ತಕರಾರು ಇಷ್ಟೇ.

ಬಿಸಿಲಿನ ಪಾಲು ಇಲ್ಲವೇ ಇಲ್ಲ ಅಂತ ಅಲ್ಲ. ಶಹಾಬಾದ್ ಕಡೆ ಕಲ್ಲಿನ ಗಣಿಯಲ್ಲಿ ದುಡಿಯುವವರು, ತೊಗರಿ ಚೀಲ ಹೊರುವ ಹಮಾಲರು ದಿನವಿಡೀ ಬೆವರು ಸುರಿಸುತ್ತಾರೆ. ಬೆವರಿದಷ್ಟು ನೀರು ಕುಡಿಯದಿದ್ದರೆ ಮೂತ್ರ ಗಟ್ಟಿಯಾಗುತ್ತದೆ, ಅದರಲ್ಲಿನ ಲವಣ ಹರಳುಗಟ್ಟುತ್ತದೆ. ಬೆನ್ನಿನ ಒಂದು ಪಕ್ಕದಿಂದ ತೊಡೆಸಂದಿಗೆ ಇಳಿಯುವ ನೋವು ಬಂತೆಂದರೆ ಎಂಥ ಗಟ್ಟಿ ಆಳೂ ನೆಲದ ಮೇಲೆ ಉರುಳಾಡುತ್ತಾನೆ. 5 ಮಿಲಿಮೀಟರ್‌ಗಿಂತ ಚಿಕ್ಕ ಹರಳು ಬಹುಪಾಲು ತಾನೇ ಹೊರಗೆ ಬೀಳುತ್ತದೆ. ದೊಡ್ಡದಾದರೆ ಡಾಕ್ಟರೇ ತೆಗೆಯಬೇಕಾಗಬಹುದು. ಹರಳು ಅಂದಕೂಡಲೇ ಹಾಲು, ಮೊಸರು ಬಿಡಿಸುವವರು ಇದ್ದಾರಲ್ಲ, ಅದು ತಪ್ಪು. ಹೆಚ್ಚಿನವರಿಗೆ ಆಗುವುದು ಕ್ಯಾಲ್ಸಿಯಂ ಆಕ್ಸಲೇಟ್ ಹರಳು. ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಆಹಾರದಿಂದ ಬರುವ ಆಕ್ಸಲೇಟ್ ಅನ್ನೋ ಅಂಶವನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ, ಮೂತ್ರದ ತನಕ ಬಿಡುವುದಿಲ್ಲ. ಕಡಿಮೆ ಮಾಡಬೇಕಾದದ್ದು ಉಪ್ಪು. ಬೀರ್ ಕುಡಿದರೆ ಹರಳು ಕರಗುತ್ತೆ ಅನ್ನುವವರಿಗೆ ನಾನು ಉತ್ತರ ಕೊಡೋದು ಬಿಟ್ಟಿದ್ದೇನೆ. ದಿನಕ್ಕೆ ಎರಡು, ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು. ನಮ್ಮ ಬಿಸಿಲಲ್ಲಿ ಅದಕ್ಕೆ ಇನ್ನೂ ಜಾಸ್ತಿಯೇ ಬೇಕು.

ಇನ್ನು ಹೆಂಗಸರ ಉರಿಮೂತ್ರ. ಇದಕ್ಕೆ ಬಹುತೇಕ ಕಾರಣ ಬಿಸಿಲಲ್ಲ, ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾ. ಅದು ನಮ್ಮ ಕರುಳಲ್ಲೇ ಇರುತ್ತದೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಉದ್ದ, ಗಂಡಸರದ್ದು ಸುಮಾರು 20. ಅಷ್ಟು ಚಿಕ್ಕ ದಾರಿ ಇದ್ದರೆ ಮೂತ್ರಕೋಶ ತಲುಪುವುದು ಸುಲಭ. ಶುಗರ್ ಇದ್ದವರಿಗೆ, ಬಸುರಿಯರಿಗೆ ಇನ್ನೂ ಜಾಗ್ರತೆ ಬೇಕು.

ಲ್ಯಾಬ್‌ನಲ್ಲಿ ನಾನು ದಿನಾ ನೋಡುವ ಒಂದು ವಿಷಯ ಹೇಳುತ್ತೇನೆ. ಕಲ್ಚರ್ ಟೆಸ್ಟ್ ಅಂದರೆ ಮೂತ್ರದ ಒಂದು ಹನಿಯನ್ನು ತಟ್ಟೆಯಲ್ಲಿ ಸವರಿ ಬ್ಯಾಕ್ಟೀರಿಯಾ ಬೆಳೆಸುವುದು. ಮರುದಿನ ಬೆಳೆದದ್ದನ್ನು ಇನ್ನೊಂದು ತಟ್ಟೆಗೆ ಹಚ್ಚಿ, ಮೇಲೆ ಬೇರೆ ಬೇರೆ ಆಂಟಿಬಯೋಟಿಕ್ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಔಷಧಿ ಕೆಲಸ ಮಾಡುವುದಾದರೆ ಬಿಲ್ಲೆಯ ಸುತ್ತ ಖಾಲಿ ವೃತ್ತ ಬೀಳುತ್ತದೆ. ಮಾಡದಿದ್ದರೆ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿಗೇ ಬಂದು ಕೂರುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ ಗುಳಿಗೆಗಳಿವೆಯಲ್ಲ, ಎಷ್ಟೋ ತಟ್ಟೆಗಳಲ್ಲಿ ಅವುಗಳ ಸುತ್ತ ವೃತ್ತವೇ ಇರುವುದಿಲ್ಲ. ಎರಡು ದಿನ ಅದೇ ಗುಳಿಗೆ ನುಂಗಿ, ಉರಿ ಅರ್ಧ ಕಡಿಮೆಯಾದ ಮೇಲೆ ಬಿಟ್ಟು, ಮತ್ತೆ ಜಾಸ್ತಿಯಾದಾಗ ಇನ್ನೆರಡು ನುಂಗಿ ಆಮೇಲೆ ನಮ್ಮಲ್ಲಿಗೆ ಬರುತ್ತಾರೆ. ಆಗ ಮೂತ್ರದಲ್ಲಿ ಉಳಿದ ಔಷಧಿಯಿಂದಾಗಿ ತಟ್ಟೆಯಲ್ಲಿ ಕೆಲವೊಮ್ಮೆ ಏನೂ ಬೆಳೆಯುವುದಿಲ್ಲ. "ರಿಪೋರ್ಟ್ ನಾರ್ಮಲ್ ಬಂದದ, ನಾ ಹೇಳಲಿಲ್ಲೇನು, ಉಷ್ಣಾನೇ" ಅಂತ ಖುಷಿಯಿಂದ ಹೋಗುತ್ತಾರೆ. ನನಗೆ ಹಣೆ ಚಚ್ಚಿಕೊಳ್ಳಬೇಕು ಅನಿಸುತ್ತದೆ. ಸ್ಯಾಂಪಲ್ ಮೊದಲು ಕೊಡಿ, ಗುಳಿಗೆ ಆಮೇಲೆ. ಮೊದಲು ಬರುವ ಮೂತ್ರ ಬಿಟ್ಟು ನಡುವಿನದ್ದನ್ನು ಹಿಡಿಯಿರಿ. ಚಳಿಜ್ವರ, ಪಕ್ಕೆನೋವು, ವಾಂತಿ ಇದ್ದರೆ ಲ್ಯಾಬ್‌ಗೂ ಕಾಯಬೇಡಿ. ಸೋಂಕು ಕಿಡ್ನಿಗೆ ಏರಿರಬಹುದು, ಸೀದಾ ಆಸ್ಪತ್ರೆಗೆ ಹೋಗಿ.

ಗಂಡಸರದ್ದು ಬೇರೆಯೇ ಕಥೆ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಅಕ್ರೋಟಿನಷ್ಟು ದೊಡ್ಡ ಗ್ರಂಥಿ ಇದೆ, ಅದೇ ಪ್ರಾಸ್ಟೇಟ್. ವಯಸ್ಸಾದಂತೆ ಅದು ದಪ್ಪವಾಗುತ್ತದೆ, ನಾಳವನ್ನು ಒತ್ತುತ್ತದೆ. 60 ದಾಟಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಬೆಳೆದಿರುತ್ತದೆ. ಎಲ್ಲರಿಗೂ ತ್ರಾಸ ಕೊಡುವುದಿಲ್ಲ, ಬೆಳೆದದ್ದೆಲ್ಲ ಕ್ಯಾನ್ಸರ್ರೂ ಅಲ್ಲ. ತ್ರಾಸ ಇದ್ದವರು ರಾತ್ರಿ ನಾಲ್ಕೈದು ಸಲ ಏಳುತ್ತಾರೆ, ನಿಂತರೆ ಬೇಗ ಬರುವುದಿಲ್ಲ, ಬಂದರೂ ಧಾರೆ ಇಲ್ಲ, ಮುಗಿದ ಮೇಲೂ ಹನಿ ಹನಿ ಬೀಳುತ್ತದೆ. ಕೇಳಿದರೆ, "ವಯಸ್ಸಾಯ್ತಲ್ಲವ್ವಾ, ಇನ್ನೇನಾಗ್ತದ?"

ನಮ್ಮ ಓಣಿಯ ಕಾಕಾ ಒಬ್ಬರು ಹಾಗೇ ವರ್ಷಗಟ್ಟಲೆ ತಳ್ಳಿದರು. ರಾತ್ರಿ ಏಳಬಾರದು ಅಂತ ಸಂಜೆಯಿಂದಲೇ ನೀರು ಬಿಡುತ್ತಿದ್ದರು. ಬಸ್ ಹತ್ತುವುದಿದ್ದರೆ ಆವತ್ತು ಚಹಾ ಕೂಡ ಇಲ್ಲ. ಆಳಂದದಲ್ಲಿ ಮೊಮ್ಮಗಳ ಮದುವೆಗೆ ಹೋಗಿ ಊಟಕ್ಕೂ ಕೂರದೆ ವಾಪಸ್ ಬಂದರು. ಒಂದು ಸಲ ನೆಗಡಿಯಾಯಿತು, ಅಂಗಡಿಯಿಂದ ನೆಗಡಿ ಗುಳಿಗೆ ತಂದು ನುಂಗಿದರು. ಆ ರಾತ್ರಿ ಮೂತ್ರ ಪೂರ್ತಿ ಕಟ್ಟಿತು. ಕಿಬ್ಬೊಟ್ಟೆ ಉಬ್ಬಿ ಕಲ್ಲಾಗಿತ್ತು, ಒದ್ದಾಡುತ್ತಿದ್ದರು. ಮಗ ಬೈಕ್ ಮೇಲೆ ಕೂರಿಸಿಕೊಂಡು ಹೋದ, ಕ್ಯಾಥೆಟರ್, ಅಂದರೆ ಮೂತ್ರ ಹೊರಗೆ ಹರಿಸುವ ನಳಿಕೆ, ಹಾಕಿದ ಮೇಲೇ ಜೀವ ಬಂದದ್ದು. ನೆಗಡಿ ಗುಳಿಗೆಗೂ ಮೂತ್ರಕ್ಕೂ ಏನು ಸಂಬಂಧ ಅಂತೀರಾ? ಮೂಗು ಬಿಡಿಸುವ ಕೆಲವು ಔಷಧಿ ಮೂತ್ರಕೋಶದ ಬಾಯಿಯನ್ನು ಬಿಗಿ ಮಾಡುತ್ತದೆ, ನಿದ್ದೆ ತರಿಸುವ ಅಲರ್ಜಿ ಔಷಧಿ ಮೂತ್ರಕೋಶದ ಬಲವನ್ನೇ ಕುಗ್ಗಿಸುತ್ತದೆ. ಪ್ರಾಸ್ಟೇಟ್ ದಪ್ಪಗಿರುವವರು ಇಂಥ ಗುಳಿಗೆಯನ್ನು ಕೇಳದೆ ನುಂಗಬಾರದು. ಕೌಂಟರ್ ಹಿಂದೆ ನಿಂತಿರುವ ಹುಡುಗ ಇದನ್ನು ಕೇಳುವುದಿಲ್ಲ. ನೀವೇ ಹೇಳಬೇಕು.

ಇಷ್ಟು ದಿನ ಸಹಿಸಿಕೊಂಡು ಏನು ಸಿಕ್ಕಿತು? ಇದಕ್ಕೆ ಗುಳಿಗೆಗಳಿವೆ. ಟಾಮ್ಸುಲೋಸಿನ್ ಬಿಗಿಯಾದ ಸ್ನಾಯು ಸಡಿಲ ಮಾಡುತ್ತದೆ, ಕೆಲವೇ ದಿನದಲ್ಲಿ ಗೊತ್ತಾಗುತ್ತದೆ. ಶುರುವಿಗೆ ಎದ್ದು ನಿಂತಾಗ ತಲೆ ತಿರುಗಬಹುದು, ರಾತ್ರಿ ಏಳುವಾಗ ಹುಷಾರು. ಫಿನಾಸ್ಟರೈಡ್, ಡುಟಾಸ್ಟರೈಡ್ ಗ್ರಂಥಿಯನ್ನೇ ಕುಗ್ಗಿಸುತ್ತವೆ, ಆದರೆ ಪರಿಣಾಮ ಕಾಣಲು ಆರು ತಿಂಗಳು ಬೇಕಾಗಬಹುದು. ಗುಳಿಗೆಗೆ ಬಗ್ಗದಿದ್ದರೆ ಮೂತ್ರದ ದಾರಿಯಿಂದಲೇ ಒಳಗೆ ಹೋಗಿ ಅಡ್ಡ ಬಂದದ್ದನ್ನು ಕೆರೆದು ತೆಗೆಯುತ್ತಾರೆ, ಸಾಮಾನ್ಯವಾಗಿ ಹೊಟ್ಟೆ ಕೊಯ್ಯುವುದಿಲ್ಲ. ಸುಮ್ನೆ ಬಿಟ್ಟರೆ ಮೂತ್ರ ಒಳಗೇ ಉಳಿದು ಸೋಂಕು, ಹರಳು, ಕೊನೆಗೆ ಕಿಡ್ನಿಗೇ ಪೆಟ್ಟು. ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಹೆಚ್ಚುವ ಅಂಶ) ಏರಿದ ರಿಪೋರ್ಟ್ ಪ್ರಿಂಟ್ ತೆಗೆದು ಕೊಡುವಾಗ, ಇದಕ್ಕೆ ಕಾರಣ ಬರೀ ಒತ್ತಿಕೊಂಡಿದ್ದ ಒಂದು ನಾಳ ಅಂತ ತಿಳಿದರೆ ಹೊಟ್ಟೆ ಉರಿಯುತ್ತದೆ.

ಪಿಎಸ್‌ಎ ಬಗ್ಗೆ ಎರಡು ಮಾತು. ಪ್ರಾಸ್ಟೇಟ್ ಕ್ಯಾನ್ಸರ್ ಸುಳಿವು ಹುಡುಕಲು ಮಾಡುವ ರಕ್ತದ ಈ ಟೆಸ್ಟ್ 4ರ ಮೇಲೆ ಬಂದರೆ ಮನೆಮಂದಿಯೆಲ್ಲ ಸೊಲ್ಲಾಪುರ, ಹೈದರಾಬಾದ್ ಅಂತ ಗಾಡಿ ಹುಡುಕಲು ಶುರು ಮಾಡುತ್ತಾರೆ. ಸೋಂಕಿದ್ದರೂ ಅದು ಏರುತ್ತದೆ, ಗ್ರಂಥಿ ಬರೀ ದಪ್ಪಗಾದರೂ ಏರುತ್ತದೆ. ಫಿನಾಸ್ಟರೈಡ್ ತಿಂಗಳುಗಟ್ಟಲೆ ನುಂಗುತ್ತಿದ್ದರೆ ಸುಮಾರು ಅರ್ಧಕ್ಕೆ ಇಳಿದಿರುತ್ತದೆ, ಅದನ್ನು ಡಾಕ್ಟರಿಗೆ ಹೇಳಲೇಬೇಕು. ನಂಬರ್ ನೋಡಿ ನೀವೇ ತೀರ್ಪು ಕೊಡಬೇಡಿ.

ಯಾವುದಕ್ಕೂ ಹೆದರದಿದ್ದರೂ ಒಂದಕ್ಕೆ ಹೆದರಿ. ನೋವಿಲ್ಲದೆ ಮೂತ್ರದಲ್ಲಿ ರಕ್ತ. ಒಂದು ಸಲ ಬಂದು ತಾನೇ ನಿಂತರೂ ತೋರಿಸಲೇಬೇಕು. ಮೂತ್ರಕೋಶದ ಕ್ಯಾನ್ಸರ್ ಹಾಗೆ ಶುರುವಾಗಬಹುದು. ಬೀಡಿ, ಸಿಗರೇಟ್ ಸೇದುವವರಿಗೆ ಅದರ ಅಪಾಯ ಬಹಳ ಜಾಸ್ತಿ. ಅದನ್ನೂ "ಬ್ಯಾಸಿಗಿ ಉಷ್ಣ" ಅಂತ ಮಜ್ಜಿಗೆ ಕುಡಿದು ಮಲಗಿದವರನ್ನು ನೋಡಿದ್ದೇನೆ.

ಇನ್ನೊಂದು ಮಾತು. ಉಷ್ಣ ಅಂದುಬಿಟ್ಟರೆ ಯಾರನ್ನೂ ಏನೂ ಕೇಳಬೇಕಾಗಿಲ್ಲ. ಅಫಜಲಪುರದಿಂದ, ಚಿಂಚೋಳಿಯಿಂದ ಸಂತೆಗೆ, ಆಸ್ಪತ್ರೆಗೆ ಬರುವ ಹೆಂಗಸರು ಬೆಳಿಗ್ಗೆಯಿಂದ ಗುಟುಕು ನೀರು ಕುಡಿದಿರುವುದಿಲ್ಲ. "ನೀರು ಕುಡದ್ರ ಮೂತ್ರಕ್ಕ ಎಲ್ಲಿ ಹೋಗ್ಬೇಕ್ರಿ ಮೇಡಂ?" ಅನ್ನುತ್ತಾರೆ. ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ಬಿಸಿಲು ಏರಿರುತ್ತದೆ, ಊರ ತುಂಬ ಅರವಟಿಗೆ ಇಡುತ್ತಾರೆ. ಒಳ್ಳೆಯ ಕೆಲಸ. ಹತ್ತಿರದ ಹೆಂಗಸರ ಶೌಚಾಲಯ ಎಲ್ಲಿದೆ, ಎಷ್ಟು ಹೊತ್ತಿಗೆ ಬೀಗ ಹಾಕುತ್ತಾರೆ ಅಂತ ಅಲ್ಲೇ ಒಂದು ಬೋರ್ಡ್ ಹಾಕಿ. ಹತ್ತಿರ ಇಲ್ಲದಿದ್ದರೆ ಇಲ್ಲ ಅಂತಲೇ ಬರೆಯಿರಿ, ಮಹಾನಗರ ಪಾಲಿಕೆಯವರೂ ಓದಲಿ.