ಆ ಟೊಳ್ಳು ಮರ ಅಲ್ಲೇ ಇರಲಿ ಬಿಡಿ

ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಉಡುಪಿ ಕಡೆ ಮರ ಕೊಯ್ಯುವ ಮೆಷಿನ್ ಸದ್ದು ಶುರು. "ಒಣಗಿದೆ, ಟೊಳ್ಳಾಗಿದೆ, ಇಟ್ಟುಕೊಂಡು ಏನು ಪ್ರಯೋಜನ?" ಅಂತ ಕೇಳುತ್ತಾರೆ. ಪ್ರಯೋಜನ ಇದೆ ಮಾರಾಯ್ರೆ. ನಮ್ಮೂರಿನ ಅತಿ ಪುಟ್ಟ ಗಿಳಿ ಮರಿ ಮಾಡುವುದು ಅಂಥ ಮರದಲ್ಲೇ.

ವರ್ನಲ್ ಹ್ಯಾಂಗಿಂಗ್ ಪ್ಯಾರಟ್ ವಿಷಯ ಹೇಳ್ತಿದ್ದೇನೆ. ಉದ್ದ ಬರೀ 14 ಸೆಂಟಿಮೀಟರ್, ಗುಬ್ಬಚ್ಚಿಯಷ್ಟೇ. ಮೈ ಎಲೆಹಸಿರು, ಕೊಕ್ಕು ಕೆಂಪು, ಮೋಟು ಬಾಲದ ಮೇಲ್ಭಾಗ ಕಡುಗೆಂಪು. ಗಂಡಿನ ಗಂಟಲಲ್ಲಿ ನೀಲಿ ಮಚ್ಚೆ. ಎಲೆಗಳ ನಡುವೆ ಕೂತರೆ ಕಾಣುವುದೇ ಇಲ್ಲ. "ಚೀ-ಚೀ-ಚೀ" ಅಂತ ತಲೆ ಮೇಲೆ ಹಾರಿಹೋದಾಗಲೇ ಇದೆ ಅಂತ ಗೊತ್ತಾಗುವುದು. ಘಟ್ಟದ ಕಾಡಿನಲ್ಲಿ ಮಾತ್ರ ಅಲ್ಲ, ಮಣಿಪಾಲದಲ್ಲೂ ಉಂಟು. ರಾತ್ರಿ ಬಾವಲಿಯ ಹಾಗೆ ತಲೆಕೆಳಗಾಗಿ ಜೋತುಬಿದ್ದು ನಿದ್ದೆ ಮಾಡುತ್ತದೆ. ಹಾಲುವಾಣ, ಬೂರುಗ, ಬದನಿಕೆ ಹೂವಿನ ಮಕರಂದ, ಗೋಳಿ ಹಣ್ಣು ಇದರ ಊಟ. ಕಳ್ಳಿನ ಮಡಕೆಗೂ ಬಂದು ಕುಡಿದು ಮಂಪರಾಗುವುದುಂಟು.

ನನಗೆ ಎಲ್ಲಕ್ಕಿಂತ ಇಷ್ಟ ಇದು ಗೂಡಿಗೆ ಸಾಮಾನು ಸಾಗಿಸುವ ರೀತಿ. ಹೆಣ್ಣು ಹಸಿ ಎಲೆಯ ಅಂಚನ್ನು ಕೊಕ್ಕಿನಲ್ಲಿ ಕಚ್ಚುತ್ತಾ ಕಚ್ಚುತ್ತಾ ಸಣ್ಣ ಪಟ್ಟಿ ಕತ್ತರಿಸುತ್ತದೆ. ಬಾಯಲ್ಲಿ ಹಿಡಿದು ಹಾರುವುದಿಲ್ಲ. ಕತ್ತು ಹಿಂದಕ್ಕೆ ತಿರುಗಿಸಿ ಸೊಂಟದ ಕೆಂಪು ಗರಿಗಳೊಳಗೆ ಸಿಕ್ಕಿಸುತ್ತದೆ. ಒಂದು, ಇನ್ನೊಂದು, ಮತ್ತೊಂದು. ಹಾಗೆಯೇ ಹೊತ್ತುಕೊಂಡು ಪೊಟರೆಗೆ ಹಾರಿ ಒಳಗೆ ಹಾಸುತ್ತದೆ. ಸಾಮಾನ್ಯವಾಗಿ ಮೂರು ಮೊಟ್ಟೆ. ಇಷ್ಟೆಲ್ಲ ನಡೆಯುವುದು ಹೆಚ್ಚಾಗಿ ಜನವರಿಯಿಂದ ಏಪ್ರಿಲ್ ಒಳಗೆ. ನಾವು ಕಾಂಪೌಂಡ್ ಕ್ಲೀನ್ ಮಾಡಿಸಲು ಹೊರಡುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಗಟ್ಟಿ ಮರ ಕೊರೆಯಲು ಇದಕ್ಕೆ ಮರಕುಟಿಗನ ಕೊಕ್ಕಿಲ್ಲ. ಕೊಳೆತು ಟೊಳ್ಳಾದ ಕಾಂಡವೇ ಬೇಕು. ಹಾಗಾಗಿ ಹೊಸ ಸಸಿ ನೆಟ್ಟು ಫೋಟೋ ಹಾಕಿದರೆ ಈ ಹಕ್ಕಿಗೆ ಸದ್ಯಕ್ಕೆ ಉಪಕಾರವಿಲ್ಲ. ಆ ಸಸಿಯಲ್ಲಿ ಪೊಟರೆಯಾಗಲು ಎಷ್ಟೋ ವರ್ಷ ಬೇಕು. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಗಿಳಿ ಇಷ್ಟ ಅಂತ ಪಂಜರದಲ್ಲಿ ಇಡುವವರಿಗೂ ಒಂದು ಮಾತು: ನಮ್ಮ ಕಾಡಿನ ಯಾವ ಗಿಳಿಯನ್ನು ಸಾಕಿದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಮನೆ ಮೇಲೆ, ಕರೆಂಟ್ ತಂತಿ ಮೇಲೆ ವಾಲಿದ ಮರ ಕಡಿಯಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೆ ತೋಟದ ಮೂಲೆಯ ಹಳೇ ಹಾಲುವಾಣ ಯಾರ ಮೇಲೆ ಬೀಳಲಿಕ್ಕುಂಟು? ಕೊಂಬೆಗಳ ಭಯವಿದ್ದರೆ ಮೇಲಿನದ್ದನ್ನು ಮಾತ್ರ ಇಳಿಸಿ, ಹದಿನೈದು ಅಡಿ ಬೊಡ್ಡೆ ಉಳಿಸಿ. ಮೆಷಿನ್ ಇಡುವ ಮೊದಲು ಸ್ವಲ್ಪ ಹೊತ್ತು ದೂರದಲ್ಲಿ ನಿಂತು ಪೊಟರೆ ನೋಡಿ. ಹಕ್ಕಿ ಒಳಗೆ ಹೊರಗೆ ಓಡಾಡುತ್ತಿದ್ದರೆ ಮರಿ ಹಾರುವವರೆಗೆ ಕೆಲಸದವರಿಗೆ ಬೇರೆ ದಿನ ಕೊಡಿ.