ಕತ್ತಲಲ್ಲೊಂದು ತೂಕಡಿಕೆ

ಕ್ಲಾಸಿಕ್ ಸಿನಿಮಾ ನೋಡಿ ಹೊರಬಂದವರು ಕ್ಯಾಮೆರಾ ಬಗ್ಗೆ ಮಾತಾಡುತ್ತಾರೆ, ಬೆಳಕಿನ ಬಗ್ಗೆ ಮಾತಾಡುತ್ತಾರೆ, ಕೊನೆಯ ದೃಶ್ಯದ ಅರ್ಥ ಏನು ಅಂತ ಜಗಳವನ್ನೂ ಆಡುತ್ತಾರೆ. ನಡುವೆ ಎಷ್ಟು ಹೊತ್ತು ನಿದ್ದೆ ಮಾಡಿದೆವು ಅಂತ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಪುಣೆಯ ಲಾ ಕಾಲೇಜ್ ರಸ್ತೆಯಲ್ಲಿರುವ, ಹಳೆಯ ಸಿನಿಮಾ ಕಾಪಾಡಿಡುವ ಫಿಲ್ಮ್ ಆರ್ಕೈವ್‌ನ ಥಿಯೇಟರಿನಲ್ಲಿ ಹಿಂದಿನ ಸಾಲಿನಲ್ಲಿ ಕೂತರೆ ಎಲ್ಲ ಕಾಣುತ್ತದೆ. ಅರ್ಧ ಗಂಟೆ ಆಗುವಷ್ಟರಲ್ಲಿ ಒಂದೊಂದೇ ತಲೆ ವಾಲುತ್ತದೆ. ಸಂಜೆಯ ಹೊತ್ತು, ತಣ್ಣಗಿನ ಎ.ಸಿ., ಪರದೆಯ ಮೇಲೆ ಹಿಮದಲ್ಲಿ ಯಾರೋ ಮುದುಕ ನಡೆಯುತ್ತಲೇ ಇದ್ದಾನೆ. ಅವನು ಬೇಲಿ ಮುಟ್ಟುವುದರೊಳಗೆ ನಾವು ಇನ್ನೆಲ್ಲಿಗೋ ಮುಟ್ಟಿರುತ್ತೇವೆ.

ನಾನಂತೂ ಇದನ್ನು ತಪ್ಪು ಅನ್ನುವವಳಲ್ಲ. ಇರಾನಿನ ನಿರ್ದೇಶಕ ಅಬ್ಬಾಸ್ ಕಿಯಾರೋಸ್ತಮಿಯೇ ನಮ್ಮ ಪರವಾಗಿದ್ದಾರೆ. ಥಿಯೇಟರಿನಲ್ಲಿ ಜೊಂಪು ಹತ್ತಿಸುವ ಸಿನಿಮಾಗಳೇ ತಮಗೆ ಇಷ್ಟ, ಆಮೇಲೆ ರಾತ್ರಿ ನಿದ್ದೆ ಕೆಡಿಸುವುದು ಅವೇ ಅಂತ ಅವರು ಹೇಳಿಕೊಂಡಿದ್ದಾರೆ. ನಮ್ಮ ಕಡೆ ಬಯಲಾಟ ನೋಡುವವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಚಾಪೆ ಹಾಸಿಕೊಂಡೇ ಹೋಗುತ್ತಿದ್ದರು. ರಾಜ ಮಾತಾಡುವಾಗ ಮಲಗುವುದು, ರಕ್ಕಸ ಕೂಗು ಹಾಕಿದಾಗ ಏಳುವುದು. ಬೆಳಗ್ಗೆ ಕೇಳಿದರೆ ಇಡೀ ಆಟ ನೋಡಿದ್ದೇವೆ ಅನ್ನುತ್ತಿದ್ದರು, ಅದು ಸುಳ್ಳೂ ಆಗಿರಲಿಲ್ಲ. ಗೊರಕೆ ಮಾತ್ರ ಬೇರೆ ವಿಷಯ. ಮೂಕಿ ಸಿನಿಮಾದಲ್ಲಿ ಗೊರಕೆ ಹೊಡೆಯುವವರಿಗೆ ನನ್ನಲ್ಲಿ ಮಾಫಿ ಇಲ್ಲ.

ಹಳೆಯ 35 ಎಂ.ಎಂ. ಪ್ರಿಂಟು ಹಾಕಿದ ದಿನ ಎಚ್ಚರವಾದ ಕೂಡಲೇ ನಾನು ಪರದೆಯ ಬಲಗಡೆ ಮೇಲಿನ ಮೂಲೆ ನೋಡುತ್ತೇನೆ. ರೀಲು ಮುಗಿಯುವ ಮೊದಲು ಅಲ್ಲಿ ಚಿಕ್ಕದೊಂದು ಚುಕ್ಕೆ ಮಿನುಗಿ ಹೋಗುತ್ತದೆ. ಇನ್ನೊಂದು ಪ್ರೊಜೆಕ್ಟರ್ ಶುರು ಮಾಡು ಅಂತ ಆಪರೇಟರಿಗೆ ಅದು ಸೂಚನೆ. ಒಂದು ರೀಲು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಎರಡು ಚುಕ್ಕೆಗಳ ನಡುವೆ ಮಲಗಿ ಎದ್ದರೆ ಕಥೆ ಬಹಳ ದೂರ ಹೋಗಿರುವುದಿಲ್ಲ, ಅದರಲ್ಲೂ ಕಲಾತ್ಮಕ ಸಿನಿಮಾದಲ್ಲಿ. ಡಿಜಿಟಲ್ ಬಂದ ಮೇಲೆ ಆ ಚುಕ್ಕೆಯೂ ಇಲ್ಲ, ನಮಗೆ ಲೆಕ್ಕವೂ ಇಲ್ಲ.

ಎಲ್ಲರೂ ಮಲಗಿದರೆ ಹೇಗೆ, ಒಬ್ಬರಾದರೂ ಎದ್ದಿರಬೇಕಲ್ಲ! 1964ರಲ್ಲಿ ಶುರುವಾದ ಈ ಆರ್ಕೈವನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಹಾಗೆ ಎದ್ದಿದ್ದವರು. ಕತ್ತಲಲ್ಲಿ ಕೂತು ಟಾರ್ಚ್ ಬೆಳಕಿನಲ್ಲಿ ನೋಟ್ಸ್ ಬರೆಯುತ್ತಿದ್ದರಂತೆ. ಯಾವ ದೃಶ್ಯ ಎಷ್ಟನೇ ರೀಲಿನಲ್ಲಿದೆ ಅಂತ ಅವರಿಗೆ ಬಾಯಿಪಾಠ. ಕೆ.ವಿ. ಸುಬ್ಬಣ್ಣನವರ ಹೆಗ್ಗೋಡಿನಲ್ಲಿ ಊರ ಜನ ಕೂತು ಜಗತ್ತಿನ ಸಿನಿಮಾ ನೋಡುವಂತಾಗಿದ್ದರಲ್ಲಿ ನಾಯರ್ ಅವರ ಕೈಯೂ ಇತ್ತು. ಅಂಥವರು ಇನ್ನೂ ಮೂವತ್ತು ವರ್ಷ ಮೊದಲೇ ಹುಟ್ಟಬೇಕಿತ್ತು ಅನ್ನಿಸುತ್ತದೆ. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' ತಯಾರಾಗಿದ್ದು ಇಲ್ಲೇ ಹತ್ತಿರದ ಕೊಲ್ಹಾಪುರದಲ್ಲಿ, ತೆರೆಗೆ ಬಂದಿದ್ದು 1934ರಲ್ಲಿ. ಇವತ್ತು ಅದರ ಒಂದು ಪ್ರಿಂಟೂ ಉಳಿದಿಲ್ಲ. ಹಿಂದಿಯ ಮೊದಲ ಟಾಕಿ 'ಆಲಂ ಆರಾ'ದ್ದೂ ಅದೇ ಗತಿ. ಆಗಿನ ನೈಟ್ರೇಟ್ ರೀಲಿಗೆ ಬೆಂಕಿ ಅಂದರೆ ಪ್ರೀತಿ. ಸುಡದೆ ಉಳಿದಿದ್ದನ್ನು ಅದರಲ್ಲಿರುವ ಬೆಳ್ಳಿಯ ಆಸೆಗೆ ಮಾರಿದವರೂ ಇದ್ದರು. ನೋಡದೆ ಮಲಗುವುದಕ್ಕೂ ಒಂದು ಸಿನಿಮಾ ಬೇಕಲ್ಲ, ಅದೇ ಇಲ್ಲ ಅಂದರೆ?

ಸರಿ, ನಿದ್ದೆಗೆ ವಾಪಸ್ ಬರೋಣ. ನಿದ್ದೆಗೆ ನಿಜವಾದ ಶತ್ರು ಸಬ್‌ಟೈಟಲ್. ಜಪಾನಿ ಸಿನಿಮಾದಲ್ಲಿ ಒಂದು ಕ್ಷಣ ಕಣ್ಣು ಮುಚ್ಚಿದರೆ ಅಷ್ಟು ಸಂಸಾರ ಹೋಯಿತು, ಯಾರು ಯಾರ ಮಗಳು ಅಂತ ಮತ್ತೆ ತಿಳಿಯುವುದಿಲ್ಲ. ಕನ್ನಡ ಸಿನಿಮಾ ಹಾಕಿದ ದಿನ ನನಗೆ ಹಬ್ಬ. ಸುತ್ತಲಿನ ಮರಾಠಿ ಕಾಕಾ-ಕಾಕುಗಳೆಲ್ಲ ಕಣ್ಣು ಕೀಲಿಸಿ ಓದುತ್ತಿರುತ್ತಾರೆ, ನಾನು ಆರಾಮಾಗಿ ಹಿಂದೆ ಒರಗಿ ಕಣ್ಣು ಮುಚ್ಚಿ ಕೇಳುತ್ತೇನೆ. ಇದೇ ರಸ್ತೆಯ ಫಿಲ್ಮ್ ಇನ್ಸ್ಟಿಟ್ಯೂಟಿನಲ್ಲಿ ಓದಿದ ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ 'ಘಟಶ್ರಾದ್ಧ'ವನ್ನು ನಾನು ಅರ್ಧ ನೋಡಿದ್ದು, ಅರ್ಧ ಕೇಳಿದ್ದು. ಪಾಠಶಾಲೆಯ ಮಂತ್ರ, ಬಿ.ವಿ. ಕಾರಂತರ ಸಂಗೀತ, ಆ ಹುಡುಗ ನಾಣಿಯ ದನಿ. ಎಸ್. ರಾಮಚಂದ್ರರ ಕಪ್ಪು-ಬಿಳುಪು ಛಾಯಾಗ್ರಹಣಕ್ಕೆ ಇದು ಅನ್ಯಾಯವೇ, ಒಪ್ಪಿದೆ. ಆದರೂ ಕಥೆಯ ಎಳೆ ಎಲ್ಲೂ ತಪ್ಪಲಿಲ್ಲ.

ಕನ್ನಡ ಬಂದರೂ ಒಂದು ವಿಷಯದಲ್ಲಿ ಮಾತ್ರ ನಾವು ಹಿಂದೆ. ಪಾತ್ರ ಬಾಯಿ ತೆರೆಯುವಷ್ಟರಲ್ಲಿ ಕೆಳಗೆ ಇಡೀ ಮಾತು ಮೂಡಿರುತ್ತದೆ. ಓದುವವರು ಮೊದಲು ನಗುತ್ತಾರೆ. ಮಾತು ಮುಗಿದ ಮೇಲೆ ನಾವು ನಾಲ್ಕು ಜನ ಕನ್ನಡದವರು ನಗುತ್ತೇವೆ. ಇವರಿಗೆ ಭಾಷೆ ಬರಲ್ಲ ಪಾಪ, ಅದಕ್ಕೇ ತಡ ಅಂತ ಪಕ್ಕದವರು ತಿರುಗಿ ನೋಡುತ್ತಾರೆ!

ಧಾರವಾಡದಿಂದ ಬಂದಿದ್ದ ನಮ್ಮ ಅತ್ತಿಗೆಯನ್ನು ಹೋದ ತಿಂಗಳು ಒಂದು ಫ್ರೆಂಚ್ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದೆ. ಇಂಥ ಸಿನಿಮಾ ಮುಗಿಯುವ ರೀತಿ ಗೊತ್ತಲ್ಲ, ನಾಯಕಿ ಕಿಟಕಿಯ ಹೊರಗೆ ನೋಡಿದಳು, ಪರದೆ ಕಪ್ಪಾಯಿತು. ಅತ್ತಿಗೆ ಗಾಬರಿಯಾಗಿ ಎದ್ದು, "ಮುಗೀತೇನ ಇದು, ಇಲ್ಲಾ ಕರೆಂಟ್ ಹೋತೇನ?" ಅಂದರು. ಮುಂದಿನ ಸಾಲಿನಲ್ಲಿ ಒಬ್ಬರು ಕಿಸಕ್ಕನೆ ನಕ್ಕರು. ಅವರೂ ನಮ್ಮವರೇ ಅಂತ ಆಗ ತಿಳಿಯಿತು.

ಆಮೇಲೆ ಎಫ್‌ಸಿ ರೋಡಿನ ವೈಶಾಲಿಯಲ್ಲಿ ಕೂತೆವು. ಅಲ್ಲಿ ಪಕ್ಕದ ಟೇಬಲ್ಲಿನ ಹುಡುಗರು ಅದೇ ಕಿಟಕಿಯ ಬಗ್ಗೆ ಒಂದು ಪ್ಲೇಟು ಇಡ್ಲಿ ಮುಗಿದರೂ ಮಾತು ಮುಗಿಸಲಿಲ್ಲ. ಅತ್ತಿಗೆ ಕಾಫಿ ಕುಡಿಯುತ್ತಾ, ಮುಂದಿನ ವಾರ ಯಾವ ದೇಶದ್ದು ಅಂತ ಕೇಳಿದರು. ಪೋಲೆಂಡಿನದು, ಮೂರು ಗಂಟೆ ಇದೆ ಅಂದೆ.

"ಹಂಗಾರ ಊಟ ಹಗರ ಮಾಡ್ತೀನಿ" ಅಂದರು. "ಹೊಟ್ಟಿ ತುಂಬಿದ್ರ ನಿದ್ದಿ ಭಾಳ ಗಟ್ಟಿ ಬರ್ತದ."